ಪದಚರ್ಚೆ: ‘ಹಿಂದಿನ ಡಿಫರೆನ್ಷಿಯಲ್ ದ್ರವ’ ಅಂದರೆ ಓದುವವರಿಗೆ ಏನು ತಿಳಿಯುತ್ತದೆ?

ಗೆಳೆಯರೇ,

ಕಾರಿನ ಹಿಂಬದಿಯ ಡಿಫರೆನ್ಷಿಯಲ್‌ಗೆ ಎಣ್ಣೆ ಆರಿಸುವುದು, ಬದಲಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಡಿಫರೆನ್ಷಿಯಲ್ ಅಂದರೆ ಎಡ ಬಲ ಗಾಲಿಗಳ ನಡುವೆ ಇರುವ ಹಲ್ಲುಚಕ್ರಗಳ ಗೂಡು. ಗಾಡಿ ಕೆಲಸವನ್ನು ತಾವೇ ಮಾಡಿಕೊಳ್ಳುವವರಿಗಾಗಿ. ಕೆಲಸ ಒಂದೆರಡು ಗಂಟೆಯದು. ಪದಗಳು ಮಾತ್ರ ವಾರದಿಂದ ತಲೆ ತಿನ್ನುತ್ತಿವೆ. ಕೆಲವು ಕಡೆ ನನ್ನದೇ ತೀರ್ಮಾನಕ್ಕೆ ಬಂದಿದ್ದೇನೆ, ಕೆಲವು ಕಡೆ ನಿಮ್ಮ ಸಹಾಯ ಬೇಕು.

ಮೊದಲು ಎಡವಿದ್ದು ‘ಹಿಂದಿನ’ ಅನ್ನುವ ಪದದಲ್ಲಿ. ‘ಹಿಂದಿನ ಡಿಫರೆನ್ಷಿಯಲ್ ಆಯಿಲ್ ಪೂರ್ತಿ ತೆಗೆಯಿರಿ’ ಅಂತ ಬರೆದಿದ್ದೆ. ಕರಡು ಓದಿದ ಗೆಳೆಯ, ‘ಹಳೇ ಆಯಿಲ್ ತಾನೇ? ಮುಂದಿನದ್ದೂ ತೆಗೀಬೇಕಾ?’ ಅಂತ ಕೇಳಿದ. ನಾನು ಜಾಗ ಹೇಳಿದ್ದೆ, ಅವನು ಕಾಲ ಓದಿಕೊಂಡಿದ್ದ. ನಾಲ್ಕು ಗಾಲಿಗೂ ಶಕ್ತಿ ಹೋಗುವ ಗಾಡಿಯಲ್ಲಿ ಮುಂದೊಂದು, ಹಿಂದೊಂದು ಡಿಫರೆನ್ಷಿಯಲ್ ಇರುತ್ತದೆ. ಅಲ್ಲಿ ಇದು ಸಣ್ಣ ಗೊಂದಲ ಅಲ್ಲ. ಈಗ ಜಾಗಕ್ಕೆ ‘ಹಿಂಬದಿಯ’, ತೆಗೆದುಹಾಕುವ ಎಣ್ಣೆಗೆ ‘ಹಳೆಯ’ ಅಂತ ಎಲ್ಲ ಕಡೆ ತಿದ್ದಿದ್ದೇನೆ.

‘ಡಿಫರೆನ್ಷಿಯಲ್’ ಅನ್ನು ಹಾಗೇ ಬಿಟ್ಟಿದ್ದೇನೆ. ಗಣಿತದಲ್ಲಿ ‘ಅವಕಲ’ ಇದೆ, ‘ಭೇದಕ’ ಅನ್ನಲೂಬಹುದು. ಆದರೆ ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ಸುತ್ತಬೇಕು, ಒಳಗಿನದು ಕಮ್ಮಿ ಸುತ್ತಬೇಕು. ಅದಕ್ಕೆ ಎಡೆ ಮಾಡಿಕೊಡುವ ಹಲ್ಲುಚಕ್ರಗಳ ಗೂಡು ಇದು ಅನ್ನುವುದು ಆ ಎರಡು ಪದಗಳಿಂದಲೂ ಹೊಳೆಯುವುದಿಲ್ಲ. ಗ್ಯಾರೇಜಿನಲ್ಲಿ ‘ಕ್ರೌನ್ ಆಯಿಲ್’, ‘ಹೌಸಿಂಗ್ ಆಯಿಲ್’ ಅನ್ನುತ್ತಾರೆ. ದೊಡ್ಡ ಹಲ್ಲುಚಕ್ರ ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಆ ಮಾತುಗಳನ್ನೂ ಒಂದು ಸಲ ಜೊತೆಗೆ ಕೊಡುತ್ತೇನೆ, ಕೇಳಿ ಗೊತ್ತಿರುವವರಿಗೆ ದಾರಿ ಸಿಗಲಿ ಅಂತ.

‘ದ್ರವ’ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀರೂ ದ್ರವವೇ. ಇಲ್ಲಿ ಹಾಕುವುದು ಎಣ್ಣೆ, ಗೇರ್ ಆಯಿಲ್. ನಮ್ಮಲ್ಲಿ ‘ಕೀಲೆಣ್ಣೆ’ ಅನ್ನುವ ಚೆಂದದ ಪದವೇ ಇದೆ. ಗಾಡಿಯ ಕೀಲಿಗೆ ಹಾಕುವ ಎಣ್ಣೆ. ಎರಡು ಲೋಹಗಳು ಒಂದನ್ನೊಂದು ತಿನ್ನದ ಹಾಗೆ ನಡುವೆ ನಿಲ್ಲುವುದು ಅದರ ಕೆಲಸ, ಇಲ್ಲೂ ಅದೇ ಕೆಲಸ. ಒಂದು ಎಚ್ಚರಿಕೆ ಮಾತ್ರ ಇದೆ. ಗ್ಯಾರೇಜಿನಲ್ಲಿ ‘ಬ್ರೇಕ್ ಆಯಿಲ್’ ಅಂತಲೂ ಅನ್ನುತ್ತಾರಲ್ವಾ, ಅದು ಎಣ್ಣೆ ಅಲ್ಲ. ಬ್ರೇಕಿನ ಡಬ್ಬಿಗೆ ಯಾರಾದರೂ ನಿಜವಾದ ಎಣ್ಣೆ ಸುರಿದರೆ ಒಳಗಿನ ರಬ್ಬರ್ ಊದಿಕೊಂಡು ಬ್ರೇಕೇ ಹಿಡಿಯದೆ ಹೋಗಬಹುದು. ಹಾಗಾಗಿ ಅಲ್ಲಿ ‘ಬ್ರೇಕ್ ಫ್ಲೂಯಿಡ್’, ಇಲ್ಲಿ ‘ಎಣ್ಣೆ’. ಎರಡಕ್ಕೂ ‘ದ್ರವ’ ಅಂತ ಒಂದೇ ಪದ ಹೊದಿಸುವುದು ತಪ್ಪು.

ಎಣ್ಣೆ ಆರಿಸುವ ಭಾಗಕ್ಕೆ ಬಂದಾಗ ‘ದರ್ಜೆ’ ತೊಂದರೆ ಕೊಟ್ಟಿತು. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಅಂತ ಇರುತ್ತದೆ. ‘ದರ್ಜೆ 5’ ಅಂದರೆ ‘ದರ್ಜೆ 4’ಕ್ಕಿಂತ ಮೇಲು ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ. ಹಿಂಬದಿಯ ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂತಿರುತ್ತದೆ. ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜುತ್ತಾ ಜಾರುತ್ತವೆ. ಆ ಒತ್ತಡ ತಾಳಲು ಎಣ್ಣೆಗೆ ಗಂಧಕ, ರಂಜಕ ಇರುವ ಮದ್ದು ಬೆರೆಸಿರುತ್ತಾರೆ. ಜಿಎಲ್-5ರಲ್ಲಿ ಅದು ಜಾಸ್ತಿ. ಅದೇ ಎಣ್ಣೆಯನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಹಾಕಿದರೆ ಅಲ್ಲಿನ ಹಿತ್ತಾಳೆ ಭಾಗಗಳು ಸವೆದು ಹೋಗಬಹುದು. ಅದಕ್ಕೇ ‘ಬಗೆ’ ಅಂತ ಬಳಸಿದ್ದೇನೆ. ಬಗೆಯಲ್ಲಿ ಮೇಲು ಕೀಳು ಇಲ್ಲ. ‘ಆಡಿಟಿವ್’ಗೆ ‘ಮದ್ದು’ ಸರಿಹೋಗುತ್ತದಾ, ಹೇಳಿ. ನನಗಂತೂ ಇಷ್ಟವಾಗಿದೆ.

75ಡಬ್ಲ್ಯೂ-90, 80ಡಬ್ಲ್ಯೂ-90 ಅನ್ನುವ ಅಂಕಿಗಳನ್ನು ‘ಎಣ್ಣೆಯ ತೂಕ’ ಅಂತ ಅನುವಾದಿಸಿದ್ದನ್ನು ನೋಡಿದೆ. ಅದು ತೂಕ ಅಲ್ಲ. ಪಠ್ಯಪುಸ್ತಕದ ಪದ ‘ಸ್ನಿಗ್ಧತೆ’, ಆದರೆ ಅದನ್ನು ಓದಿದವರು ಜಿಡ್ಡು ಅಂದುಕೊಳ್ಳುತ್ತಾರೆ. ‘ಗಟ್ಟಿ’ ಅಂದರೆ ಹೆಪ್ಪುಗಟ್ಟಿದ್ದು ಅನ್ನಿಸುತ್ತದೆ. ನಾನು ‘ಮಂದ’ ಮತ್ತು ‘ತೆಳು’ ಆರಿಸಿಕೊಂಡೆ. ‘ಡಬ್ಲ್ಯೂ’ ಚಳಿಗಾಲದ ಗುರುತು, ಅದಕ್ಕಿಂತ ಮೊದಲು ಬರುವ ಅಂಕಿ ಕಮ್ಮಿಯಾದಷ್ಟೂ ಚಳಿಯಲ್ಲಿ ಎಣ್ಣೆ ತೆಳುವಾಗಿ ಉಳಿಯುತ್ತದೆ. 75 ಬಗೆಯದನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಅಳೆಯುತ್ತಾರೆ, 80ರದ್ದನ್ನು 26 ಡಿಗ್ರಿ ಕೆಳಗೆ. ಕೊನೆಯ 90 ಕಾದ ಎಣ್ಣೆ ಎಷ್ಟು ಮಂದ ಅನ್ನುವುದಕ್ಕೆ. ಎಂಜಿನ್ ಆಯಿಲ್‌ನ ಅಳತೆಗೋಲು ಬೇರೆ. ಗೇರ್ ಆಯಿಲ್‌ನ 90, ಎಂಜಿನ್ ಆಯಿಲ್‌ನ 40 ಅಥವಾ 50ರಷ್ಟೇ ಮಂದ. ಯಾವ ಅಂಕಿ ಅನ್ನುವುದನ್ನು ಗಾಡಿಯ ಕೈಪಿಡಿಯೇ ಹೇಳಬೇಕು.

ಇನ್ನು ಕೈಯ ಕೆಲಸ. ನಾನು ಮೊದಲ ಸಲ ಮಾಡಿದಾಗ ಮುಂದಿಟ್ಟುಕೊಂಡಿದ್ದ ಹಾಳೆಯಲ್ಲಿ ‘ಪ್ಲಗ್ ತೆಗೆದು ದ್ರವ ಖಾಲಿ ಮಾಡಿ’ ಅಂತ ಮಾತ್ರ ಇತ್ತು. ಯಾವ ಪ್ಲಗ್? ಕೆಳಗಿನದನ್ನು ಬಿಚ್ಚಿದೆ. ಎಣ್ಣೆ ಪೂರ್ತಿ ಬಸಿದು ಹೋಯಿತು. ಆಮೇಲೆ ಮೇಲಿನದು ಬಿಚ್ಚಲು ಹೋದರೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸ್ಪ್ಯಾನರ್ ಹಾಕಿ ಎಳೆದಷ್ಟೂ ಅದರ ಮೂಲೆಗಳು ಸವೆದು ದುಂಡಗಾದವು. ಒಳಗೆ ಎಣ್ಣೆ ಇಲ್ಲ, ಹಾಕಲು ದಾರಿ ಇಲ್ಲ, ಗಾಡಿ ಎರಡು ದಿನ ನಿಂತಲ್ಲೇ ನಿಂತಿತು. ಅದಕ್ಕೇ ಈಗ ‘ತುಂಬುವ ಬಿರಡೆ’, ‘ಬಸಿಯುವ ಬಿರಡೆ’ ಅಂತ ಎರಡು ಹೆಸರು ಇಟ್ಟು, ‘ಮೊದಲು ತುಂಬುವ ಬಿರಡೆ ಬಿಚ್ಚಿ ನೋಡಿ, ಆಮೇಲೆ ಬಸಿಯುವುದು’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ‘ಬಿರಡೆ’ ಅಂದರೆ ಸೀಸೆಯ ಬಿರಡೆ ನೆನಪಾಗುತ್ತದೆ, ತಿರುಪು ಇರುವುದಕ್ಕೆ ಒಗ್ಗುತ್ತದಾ ಅನ್ನುವುದು ನನ್ನ ಇನ್ನೊಂದು ಪ್ರಶ್ನೆ.

ಎಷ್ಟು ತುಂಬಬೇಕು? ‘ಕಂಠಪೂರ್ತಿ’ ಅಂತ ಬರೆದಿದ್ದೆ. ಆದರೆ ತೂತು ಇರುವುದು ಗೂಡಿನ ಪಕ್ಕದಲ್ಲಿ, ನೆತ್ತಿಯಲ್ಲಿ ಅಲ್ಲ. ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಎಣ್ಣೆ ಆ ತೂತಿನ ಕೆಳ ಅಂಚಿಗೆ ಬಂದು ಹೊರಗೆ ಜಿನುಗತೊಡಗಿದರೆ ಸಾಕು. ಅದಕ್ಕೆ ‘ಹೊಸ್ತಿಲ ಮಟ್ಟ’ ಅಂತ ಬರೆದೆ. ಬೆರಳು ಬಗ್ಗಿಸಿ ಹೊಸ್ತಿಲು ಮುಟ್ಟಿದರೆ ಎಣ್ಣೆ ತಾಗಬೇಕು. ಕೆಲವು ಗಾಡಿಗಳಿಗೆ ಅಂಚಿಗಿಂತ ಇಷ್ಟು ಕೆಳಗೆ ಅಂತ ಹೇಳಿರುತ್ತಾರೆ, ಅಲ್ಲೂ ಇದೇ ಪದ ಕೆಲಸಕ್ಕೆ ಬರುತ್ತದೆ.

ನನಗೆ ತುಂಬ ಖುಷಿ ಕೊಟ್ಟಿದ್ದು ಸೋರಿಕೆಯ ಪದಗಳು. ಸೀಲಿನ (ಎಣ್ಣೆ ಹೊರಬರದಂತೆ ತಡೆಯುವ ಬಳೆಯ) ಸುತ್ತ ಬರೀ ಪಸೆ ಕಂಡರೆ ಎಣ್ಣೆ ‘ಒಸರಿದೆ’, ಒರೆಸಿ ಕಾದು ನೋಡಬಹುದು. ಮಣಿಗಟ್ಟಿ ನಿಂತರೆ ‘ಜಿನುಗುತ್ತಿದೆ’. ನೆಲಕ್ಕೆ ‘ತೊಟ್ಟಿಕ್ಕಿದರೆ’ ಸೀಲ್ ಬದಲಿಸಬೇಕು. ‘ಸೋರುತ್ತಿದ್ದರೆ’ ಗಾಡಿ ಓಡಿಸಲೇಬಾರದು. ಎಲ್ಲಕ್ಕೂ ‘ಲೀಕ್’ ಅಂತ ಒಂದೇ ಪದ ಹಾಕಿದರೆ ಈ ನಾಲ್ಕು ಹಂತವೂ ಅಳಿಸಿ ಹೋಗುತ್ತದೆ.

ಹಾಗೇ ಬಸಿಯುವ ಬಿರಡೆಯ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ‘ಲೋಹದ ಕಣ’ ಅಂದರೆ ಸಾಲದು. ಬೆರಳಿಗೆ ಕಾಡಿಗೆಯ ಹಾಗೆ ನುಣ್ಣಗೆ ಹತ್ತುವ ಬೂದುಬಣ್ಣದ ‘ಲೇಪ’ ಸಹಜ ಸವೆತ. ಉಗುರಿಗೆ ಸಿಗುವ ‘ಚಕ್ಕೆ’ ಕಂಡರೆ ಹಲ್ಲೋ ಬೇರಿಂಗೋ ಮುರಿಯುತ್ತಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ವಾಸನೆ ಮಾತ್ರ ನಂಬಬೇಡಿ. ಗಂಧಕದಿಂದಾಗಿ ಹೊಸ ಎಣ್ಣೆಯೂ ಘಾಟಾಗಿಯೇ ಇರುತ್ತದೆ, ಅದನ್ನು ‘ಕಮಟು’ ಅಂದರೆ ಕೆಟ್ಟಿದೆ ಅನ್ನುವ ಅರ್ಥ ಬಂದುಬಿಡುತ್ತದೆ.

ಉಳಿದ ಪ್ರಶ್ನೆ ಇದು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗಳಲ್ಲಿ ಒಂದು ಗಾಲಿ ಮಾತ್ರ ಸುಮ್ನೆ ಸುತ್ತದಂತೆ ತಡೆಯಲು, ಹಲವು ಗಾಡಿಗಳಲ್ಲಿ, ಒಳಗೆ ಬಿಲ್ಲೆಗಳ ಸಾಲು ಇರುತ್ತದೆ. ಅವಕ್ಕೆ ಬೇಕಾದ ಜಾರುಮದ್ದು ಎಣ್ಣೆಯಲ್ಲಿ ಇಲ್ಲದಿದ್ದರೆ ಗಾಡಿಯನ್ನು ನಿಧಾನವಾಗಿ ತಿರುಗಿಸುವಾಗ ಬಿಲ್ಲೆಗಳು ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಹಿಂಬದಿಯೆಲ್ಲ ಅದುರುತ್ತದೆ. ‘ನಡುಕ’ ಅಂದರೆ ಸಣ್ಣದಾಯಿತು, ‘ಗಡಗಡ’ ಬರೀ ಸದ್ದು. ‘ತಡವರಿಕೆ’ ಹತ್ತಿರ ಬರುತ್ತದೆ, ಆದರೆ ಅದುರು ಅದರಲ್ಲಿ ಇಲ್ಲ. ಈ ಹಿಡಿದು ಬಿಡುವ ಅದುರಿಗೆ ನಿಮ್ಮ ಕಡೆ ಏನನ್ನುತ್ತೀರಿ?