ಮಗ ಎತ್ತರ ಆಗ್ಬಿಟ್ಟಿದಾನೆ, ಎತ್ತಿ ಕಾರಲ್ಲಿ ಕೂರಿಸೋಕೆ ಆಗ್ತಿಲ್ಲ, ದಾರಿ ಹೇಳಿ

ಹಸಿರುಬಳ್ಳಿ:
ಎಲ್ರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 14. ಸೆರೆಬ್ರಲ್ ಪಾಲ್ಸಿ ಇದೆ, ಎರಡೂ ಕಾಲು ಬಿಗಿ, ವೀಲ್‌ಚೇರ್‌ನಲ್ಲೇ ಓಡಾಟ. ಓದೋದ್ರಲ್ಲಿ ಚುರುಕು, ಮಾತು ಸ್ವಲ್ಪ ನಿಧಾನ ಅಷ್ಟೇ. ಹೋದ ವರ್ಷದ ತನಕ ನಾನೇ ಎತ್ತಿ ಕಾರಿನ ಸೀಟಲ್ಲಿ ಕೂರಿಸಿ, ಚೇರ್ ಮಡಚಿ ಡಿಕ್ಕಿಗೆ ಹಾಕ್ಕೊಂಡು ಹೋಗ್ತಿದ್ದೆ, ಯಾವತ್ತೂ ಭಾರ ಅನ್ಸಿರ್ಲಿಲ್ಲ. ಈ ಒಂದು ವರ್ಷದಲ್ಲಿ ನೋಡ್ತಾ ನೋಡ್ತಾ ಉದ್ದ ಆಗ್ಬಿಟ್ಟ, ತೂಕ 46 ಕೆಜಿ, ಕಾಲಿನ ಬಿಗಿತಾನೂ ಜಾಸ್ತಿ ಆಗಿದೆ, ನನ್ನ ಸೊಂಟ ಹಿಡ್ಕೊಂಡು ವಾರಗಟ್ಟಲೆ ಬಿಡಲ್ಲ.

ತಿಂಗಳ ಹಿಂದೆ ಕಾರಿಗೆ ಹತ್ತಿಸುವಾಗ ಅವನ ಎಡಗಾಲು ಸೀಟಿಗೂ ಬಾಗಿಲಿಗೂ ನಡುವೆ ಸಿಕ್ಕಿಹಾಕ್ಕೊಳ್ತು. ನನ್ನ ಒಂದು ಕೈ ಅವನ ಕಂಕುಳಲ್ಲಿ, ಇನ್ನೊಂದು ಮಂಡಿ ಕೆಳಗೆ, ಇಳಿಸೋಕೂ ಆಗ್ತಿಲ್ಲ ಎತ್ತೋಕೂ ಆಗ್ತಿಲ್ಲ, ಶೂ ತುದಿ ಹಿಂದಕ್ಕೆ ಮಡಚ್ಕೊಂಡಿರೋದು ಕಣ್ಣಿಗೆ ಕಾಣ್ತಿದೆ. ಅವನು ಅಳ್ಲಿಲ್ಲ. ಕಾಲು ಬಿಡಿಸಿದ ಮೇಲೆ ಮೆಲ್ಲಗೆ "ಅಮ್ಮಾ, ಇವತ್ತು ಹೋಗೋದು ಬೇಡ ಬಿಡು" ಅಂದ. ಅವತ್ತಿಂದ ಎಲ್ಲಿಗೆ ಕರೆದ್ರೂ ಅದೇ ಮಾತು, ಫ್ರೆಂಡ್ ಮನೆಗೂ ಬೇಡ.

ಈಗ ವ್ಯಾನ್ ನೋಡ್ತಿದೀವಿ. ರ‍್ಯಾಂಪ್ ಇರೋದು ತಗೊಳ್ಳೋದಾ ಲಿಫ್ಟ್ ಇರೋದಾ? ಡಾಕ್ಟರ್ ಬ್ಯಾಟರೀಲಿ ಓಡೋ ಪವರ್ ವೀಲ್‌ಚೇರ್ ಬಗ್ಗೆನೂ ಯೋಚನೆ ಮಾಡಿ ಅಂದಿದಾರೆ. ಚೇರ್‌ನಲ್ಲೇ ಕೂತು ಪ್ರಯಾಣ ಮಾಡಿದ್ರೆ ಅಪಾಯ ಇಲ್ವಾ? ಕೇಳ್ತಿರೋದಕ್ಕೆ ಕಾರಣ ಇದೆ, ಒಮ್ಮೆ ಶಾಲೆ ಗಾಡಿಯಲ್ಲಿ ಅವನ ಚೇರನ್ನ ಅಡ್ಡಡ್ಡ ನಿಲ್ಲಿಸಿ ಬ್ರೇಕ್ ಹಾಕಿ ಅಷ್ಟಕ್ಕೇ ಬಿಟ್ಟಿದ್ರು, ತಿರುವಲ್ಲಿ ಚೇರ್ ವಾಲಿತ್ತಂತೆ, ಮನೆಗೆ ಬಂದು ಎಷ್ಟೋ ದಿನ ಆದ್ಮೇಲೆ ಹೇಳ್ದ.

ನೀಲಿಮುಗಿಲು:
ಅಕ್ಕಾ, ನನ್ನ ಮಗಳಿಗೆ 17, ಸ್ನಾಯು ಸೋಲೋ ಕಾಯಿಲೆ, ಪವರ್ ಚೇರ್ ಬಳಸ್ತಾಳೆ. ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ ಅಂತ ಬರೀತಿದೀನಿ. ಮೊದಲು ವ್ಯಾನ್ ನೋಡಿ ಆಮೇಲೆ ಚೇರ್ ತಗೊಂಡ್ವಿ. ತಲೆ ಬಾಗಿಲಿನ ಮೇಲಂಚಿಗೆ ತಗಲ್ತಿತ್ತು, ಪ್ರತಿ ಸಲ ಅವಳು ಕುತ್ತಿಗೆ ಬಗ್ಗಿಸಿ ಒಳಗೆ ಹೋಗ್ಬೇಕಿತ್ತು, ಕುತ್ತಿಗೇಲೇ ಶಕ್ತಿ ಇಲ್ಲದ ಹುಡುಗಿ. ಆದ್ದರಿಂದ ಮೊದಲು ಚೇರ್ ಯಾವ್ದು ಅಂತ ತೀರ್ಮಾನ ಆಗ್ಲಿ. ಅದ್ರಲ್ಲಿ ಕೂರಿಸಿ ನೆಲದಿಂದ ನೆತ್ತಿ ತನಕ ಅಳೀರಿ, ಇನ್ನೂ ಬೆಳೆಯೋ ವಯಸ್ಸು, ಅದಕ್ಕೆ ಇನ್ನೊಂದು ಗೇಣು ಸೇರಿಸಿ, ಬಾಗಿಲಿನ ಎತ್ತರ ಅದಕ್ಕಿಂತ ಜಾಸ್ತಿ ಇದ್ರೆ ಮಾತ್ರ ಮುಂದಿನ ಮಾತು.

ರ‍್ಯಾಂಪ್ ವಿಷ್ಯ. ಕಟ್ಟಡದ ರ‍್ಯಾಂಪ್‌ಗೆ 1:12 ಅಂತ ಲೆಕ್ಕ ಇಟ್ಕೋತಾರೆ, ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ, ಅಂದ್ರೆ ಗಾಡಿ ನೆಲ 60 ಸೆಂಟಿಮೀಟರ್ ಎತ್ತರ ಇದ್ರೆ ಆ ಲೆಕ್ಕಕ್ಕೆ 7.2 ಮೀಟರ್ ಉದ್ದದ ರ‍್ಯಾಂಪ್ ಬೇಕು. ಅಷ್ಟುದ್ದದ್ದು ಯಾವ ವ್ಯಾನಲ್ಲೂ ಹಿಡಿಯಲ್ಲ, ಹಾಗಾಗಿ ಗಾಡಿ ರ‍್ಯಾಂಪ್ ಯಾವಾಗ್ಲೂ ಕಡಿದಾಗೇ ಇರುತ್ತೆ. ನೆಲ ತಗ್ಗಿಸಿರೋ ಗಾಡಿ ಆದ್ರೆ ಪರವಾಗಿಲ್ಲ, ಇಲ್ಲಾಂದ್ರೆ 46 ಕೆಜಿ ಹುಡುಗನ ಜೊತೆ ಚೇರ್ ಭಾರಾನೂ ನೀವೇ ತಳ್ಳಿ ಮೇಲಕ್ಕೆ ಹತ್ತಿಸ್ಬೇಕು, ಎತ್ತೋದು ತಪ್ಪಿ ತಳ್ಳೋದು ಶುರು ಆಗುತ್ತೆ, ಸೊಂಟದ ಕಥೆ ಅದೇ. ಪವರ್ ಚೇರ್ ಅಂತೂ ಎಷ್ಟೋ ಮಾಡೆಲ್ ಖಾಲಿಯಿದ್ರೂನೇ 100 ಕೆಜಿ ದಾಟುತ್ತೆ, ಮಡಚಿ ಡಿಕ್ಕಿಗೆ ಹಾಕೋ ಮಾತೇ ಇಲ್ಲ. ನಿಮ್ಮ ಪರಿಸ್ಥಿತೀಲಿ ನಾನಾಗಿದ್ರೆ ಲಿಫ್ಟೇ ತಗೋತಿದ್ದೆ. ಲಿಫ್ಟ್ ಎಷ್ಟು ಭಾರ ತಡೆಯುತ್ತೆ ಅನ್ನೋದಕ್ಕೆ ಚೇರ್, ಹುಡುಗ ಎರಡೂ ಸೇರಿಸಿ ನೋಡಿ, ಕರೆಂಟ್ ಹೋದ್ರೆ ಕೈಯಲ್ಲಿ ಪಂಪ್ ಮಾಡಿ ಇಳಿಸೋ ಸೌಲಭ್ಯ ಇದ್ಯಾ ಕೇಳಿ, ಬರೀ ಕೇಳ್ಬೇಡಿ, ನಿಮ್ಮ ಕೈಯಿಂದಾನೇ ಒಂದ್ಸಲ ಇಳಿಸಿ ನೋಡಿ.

ಮಳೆಹನಿ:
ನಾನು ಮಕ್ಕಳ ಜೊತೆ ಕೆಲಸ ಮಾಡೋ ಥೆರಪಿಸ್ಟ್. ಮೊದಲಿಗೆ, ಬಿಗಿತ ಜಾಸ್ತಿ ಆಗಿರೋದು ನಿಮ್ಮ ತಪ್ಪಿಂದ ಅಲ್ಲ ಮೇಡಂ. ಈ ವಯಸ್ಸಲ್ಲಿ ಮೂಳೆ ಸರಸರ ಉದ್ದ ಆಗುತ್ತೆ, ಬಿಗಿ ಇರೋ ಸ್ನಾಯು ಅಷ್ಟು ಬೇಗ ಹಿಗ್ಗಲ್ಲ. ಮಗನ ಸೊಂಟ, ಬೆನ್ನುಮೂಳೆ ಒಂದ್ಸಲ ಡಾಕ್ಟರ್‌ಗೆ ತೋರಿಸಿ, ಕೂರೋ ಭಂಗಿ ಬದಲಾದ್ರೆ ಚೇರಿನ ಅಳತೆನೂ ಬದಲಾಗುತ್ತೆ. ಒಬ್ಬರೇ ಎತ್ತೋದು ಇವತ್ತಿಂದಾನೇ ನಿಲ್ಲಿಸಿ. ವ್ಯಾನ್ ಬರೋ ತನಕ ಟ್ರಾನ್ಸ್‌ಫರ್ ಬೋರ್ಡ್ (ಜಾರಿಸಿ ಸೀಟಿಗೆ ಕೂರಿಸೋ ಹಲಗೆ) ಆಗುತ್ತಾ ಹಾಯ್ಸ್ಟ್ (ಎತ್ತಿ ಕೂರಿಸೋ ಯಂತ್ರ) ಬೇಕಾ ಅಂತ ನಿಮ್ಮ ಥೆರಪಿಸ್ಟ್ ಮುಂದೆ ಮಾಡಿ ನೋಡಿ.

ಸುರಕ್ಷಿತವಾಗಿ ಗಾಡಿ ಸೀಟಿಗೆ ಬದಲಾಯಿಸೋಕೆ ಆಗೋದಾದ್ರೆ ಸೀಟೇ ಒಳ್ಳೇದು. ಆಗಲ್ಲ ಅಂದಾಗ ಚೇರ್‌ನಲ್ಲೇ ಕೂರ್ಬಹುದು, ಆದ್ರೆ ಸರಿಯಾಗಿ ಕಟ್ಟಿರ್ಬೇಕು. ಚೇರಿನ ಮುಖ ಗಾಡಿ ಹೋಗೋ ಕಡೆಗೇ ಇರ್ಲಿ, ಅಡ್ಡಡ್ಡ ಬೇಡವೇ ಬೇಡ, ನಿಮ್ಮ ಮಗ ಹೇಳಿದ್ದು ಕೇಳಿ ನಂಗೆ ನಿಜಕ್ಕೂ ಹೊಟ್ಟೆ ಉರೀತು. ಚೇರಿನ ಬ್ರೇಕ್ ಇರೋದು ನಿಂತಲ್ಲಿ ಚಕ್ರ ಉರುಳದೇ ಇರೋಕೆ, ಡ್ರೈವರ್ ಸಡನ್ನಾಗಿ ಬ್ರೇಕ್ ಒತ್ತಿದ್ರೆ ಅದು ಏನೂ ಹಿಡಿಯಲ್ಲ. ಗಾಡಿ ನೆಲದಿಂದ ಬರೋ ನಾಲ್ಕು ಪಟ್ಟಿ ಬೇಕು, ಮುಂದೆ ಎರಡು ಹಿಂದೆ ಎರಡು, ಕೊಕ್ಕೆ ಹಾಕೋದು ಚೇರಿನ ಫ್ರೇಮಿಗೆ, ಬಿಚ್ಚಿ ತೆಗೆಯೋ ಕೈಹಿಡಿಗೋ ಕಾಲುಹಲಗೆಗೋ ಚಕ್ರಕ್ಕೋ ಅಲ್ಲ.

ಇನ್ನೊಂದು, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ಚೇರಿಗೇ ಇರೋ ಸೊಂಟದ ಬೆಲ್ಟ್ ನೆಟ್ಟಗೆ ಕೂರೋಕೆ ಅಷ್ಟೇ, ಅಪಘಾತಕ್ಕೆ ಅಲ್ಲ. ಪಟ್ಟಿ ಹಿಡಿಯೋದು ಚೇರನ್ನ, ಹುಡುಗನ್ನ ಹಿಡಿಯೋಕೆ ಸೊಂಟಕ್ಕೂ ಭುಜಕ್ಕೂ ಬೇರೆ ಬೆಲ್ಟ್ ಬೇಕು. ಸೊಂಟದ್ದು ಹೊಟ್ಟೆ ಮೇಲಲ್ಲ, ಕೆಳಗೆ ಮೂಳೆ ಮೇಲೆ ಕೂರ್ಬೇಕು, ಕೈಹಿಡಿ ಮೇಲಿಂದ ಹಾಯಬಾರ್ದು. ಮುಂದಿನ ಟ್ರೇ ತೆಗೆದು ಬೇರೆ ಕಡೆ ಕಟ್ಟಿ, ತಲೆಗೆ ಒರಗು ಇರ್ಲಿ. ಹೊಸ ಚೇರ್ ತಗೊಳ್ಳುವಾಗ ಐಎಸ್‌ಒ 7176-19 ಪ್ರಕಾರ ಪರೀಕ್ಷೆ ಆಗಿದ್ಯಾ ಕೇಳಿ, ಚೇರನ್ನ ಗಾಡಿಯಲ್ಲಿ ಸೀಟಾಗಿ ಬಳಸೋದಕ್ಕೆ ಇರೋ ಸ್ಟ್ಯಾಂಡರ್ಡ್ ಅದು. ಅಂಥ ಚೇರಲ್ಲಿ ಕೊಕ್ಕೆ ಹಾಕೋ ನಾಲ್ಕು ಜಾಗಕ್ಕೂ ಗುರುತು ಇರುತ್ತೆ.

ಬೆಳ್ಳಕ್ಕಿ:
ಅಕ್ಕಾ ನಂಗೆ 26, ಚಿಕ್ಕಂದಿನಿಂದ ಚೇರಲ್ಲೇ. ವ್ಯಾನ್ ಬಗ್ಗೆ ಇವರೆಲ್ಲ ಹೇಳಿದ್ದಾರೆ, ನಾನು ನಿಮ್ಮ ಮಗನ "ಬೇಡ ಬಿಡು" ಬಗ್ಗೆ ಹೇಳ್ತೀನಿ. ನಾನೂ ಅದೇ ವಯಸ್ಸಲ್ಲಿ ಅದೇ ಮಾತು ಆಡ್ತಿದ್ದೆ. ಹೋಗೋಕೆ ಮನಸ್ಸಿಲ್ಲ ಅಂತಲ್ಲ, ಅಮ್ಮ ನನ್ನ ಎತ್ತಿ ಕೂರಿಸಿ ಸೊಂಟ ಹಿಡ್ಕೊಂಡು ಒಂದು ಕ್ಷಣ ಹಾಗೇ ನಿಲ್ತಿದ್ರು, ನಾನು ನೋಡಿಲ್ಲ ಅಂದ್ಕೊಂಡಿದ್ರು, ನಾನು ಸೈಡ್ ಮಿರರ್‌ನಲ್ಲಿ ದಿನಾ ನೋಡ್ತಿದ್ದೆ. ಜೊತೆಗೆ ಮೀಸೆ ಮೂಡೋ ಹೊತ್ತಲ್ಲಿ ಸ್ನೇಹಿತರ ಎದುರು ಕಂಕುಳಿಗೆ ಕೈ ಹಾಕಿಸ್ಕೊಂಡು ಎತ್ತಿಸ್ಕೊಳ್ಳೋದು ಎಷ್ಟು ಕಷ್ಟ ಅಂತ ಬಾಯಿಬಿಟ್ಟು ಹೇಳೋಕಾಗಲ್ಲ.

ಅವನನ್ನ ಸಾಮಾನಿನ ಥರ ಹತ್ತಿಸಿ ಇಳಿಸೋದು ನಿಲ್ಬೇಕು ಅಂದ್ರೆ ವ್ಯಾನ್ ನೋಡೋಕೆ ಅವನೂ ಬರ್ಲಿ, ಅವನೇ ಕೂತು ನೋಡ್ಲಿ, ಕಿಟಕಿ ಕಣ್ಣಿನ ಮಟ್ಟಕ್ಕೆ ಬರುತ್ತಾ ಅವನೇ ಹೇಳ್ಲಿ. ಕೆಲವು ಗಾಡಿಲಿ ಚೇರ್ ಎತ್ತರಕ್ಕೆ ಕಿಟಕಿ ಬದಲು ಬರೀ ತಗಡು ಕಾಣುತ್ತೆ, ಗಂಟೆಗಟ್ಟಲೆ ತಗಡು ನೋಡ್ಕೊಂಡು ಕೂತಿದ್ದವನು ನಾನು. ನಾಲ್ಕು ಕೊಕ್ಕೆ ಎಲ್ಲಿಗೆ, ಯಾವ್ದು ಮೊದಲು ಅಂತ ಕಲಿಸಿ, ಡ್ರೈವರ್‌ಗೆ ಅವನೇ ಹೇಳ್ಲಿ, ಮಾತು ನಿಧಾನ ಆದ್ರೆ ಆಗ್ಲಿ, ಕಾಯ್ತಾರೆ. ನೆಲ ತಗ್ಗಿರೋ ಬಸ್ಸು ಓಡಾಡೋ ಕಡೆ ಆದ್ರೆ ಜನ ಕಮ್ಮಿ ಇರೋ ಹೊತ್ತಲ್ಲಿ ಒಂದು ಸ್ಟಾಪ್ ದೂರ ಹೋಗಿ ಬನ್ನಿ, ಸುಮ್ನೆ ಅಭ್ಯಾಸಕ್ಕೆ. ಒಂದು ಸ್ಟಾಪ್ ನಾಳೆ ಎರಡಾಗುತ್ತೆ. ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಅಂಗವಿಕಲರ ಹಕ್ಕುಗಳ ಒಪ್ಪಂದದ 20ನೇ ವಿಧಿ ಓಡಾಟದ್ದೇ, ತಮಗೆ ಬೇಕಾದ ರೀತೀಲಿ, ತಮಗೆ ಬೇಕಾದ ಹೊತ್ತಲ್ಲಿ ಅಂತ ಅದ್ರಲ್ಲಿದೆ. "ಬೇಕಾದ ಹೊತ್ತಲ್ಲಿ" ಅನ್ನೋದು ಮೊದಲ ಸಲ ಓದಿದಾಗ ನಾನು ಅಲ್ಲೇ ನಿಂತ್ಬಿಟ್ಟೆ. ಅಮ್ಮನಿಗೆ ಪುರುಸೊತ್ತು ಆದಾಗ ಅಲ್ಲ, ನಂಗೆ ಬೇಕಾದಾಗ.

ಹಸಿರುಬಳ್ಳಿ:
ಎಲ್ರಿಗೂ ಕೈ ಮುಗೀತೀನಿ. ಬೆಳ್ಳಕ್ಕಿ ಅವ್ರೇ, ನೀವು ಬರೆದಿದ್ದನ್ನ ಮಗನಿಗೆ ಓದಿ ಹೇಳ್ದೆ. ಸೈಡ್ ಮಿರರ್ ಮಾತು ಬಂದಾಗ ತಲೆ ತಗ್ಗಿಸಿದ, ಸ್ವಲ್ಪ ಹೊತ್ತಾದ್ಮೇಲೆ "ನಂಗೂ ಕಾಣುತ್ತೆ" ಅಂದ. ಇಬ್ರೂ ಅತ್ವಿ. ಸಂಜೆ ಅವನೇ ಟೇಪ್ ತರಿಸಿ ಒಂದು ತುದಿ ನೆತ್ತಿ ಮೇಲೆ ಒತ್ತಿ ಹಿಡ್ಕೊಂಡ, ನಾನು ಕೆಳಗೆ ನೋಡ್ದೆ, ಈಗಿನ ಚೇರಲ್ಲಿ 128 ಸೆಂಟಿಮೀಟರ್ ಬಂತು. ಡ್ರೈವರ್‌ಗೆ ಏನೇನು ಹೇಳ್ಬೇಕು ಅಂತ ಫೋನಲ್ಲಿ ಟೈಪ್ ಮಾಡ್ತಾ ಕೂತಿದಾನೆ. ಪವರ್ ಚೇರ್ ನೋಡೋಕೆ ಹೋಗೋಣ ಅಂತನೂ ಅವನೇ ಅಂದ.

ನೀಲಿಮುಗಿಲು ಅವ್ರೇ ಇನ್ನೊಂದು ಡೌಟು, ಅವನ ಕಾಲು ಪೂರ್ತಿ ಮಡಚಲ್ಲ, ಕಾಲುಹಲಗೆ ಮುಂದೆ ಚಾಚಿರುತ್ತೆ, ಲಿಫ್ಟಿನ ಹಲಗೆ ಉದ್ದಾನೂ ಅಳೀಬೇಕಾ?

ನೀಲಿಮುಗಿಲು:
ಅಳೀಲೇಬೇಕು ಅಕ್ಕಾ. ಶೂ ತುದಿಯಿಂದ ಹಿಂದಿನ ಚಕ್ರದ ತನಕ ಅಳೀರಿ, ಚಕ್ರಕ್ಕಿಂತ ಹಿಂದಕ್ಕೆ ಹ್ಯಾಂಡಲ್ ಚಾಚಿದ್ರೆ ಅದನ್ನೂ ಸೇರಿಸಿ. ಹಲಗೆ ತುದೀಲಿ ಚಕ್ರ ಜಾರದೇ ಇರೋಕೆ ಒಂದು ತಡೆ ಎದ್ದು ನಿಲ್ಲುತ್ತೆ, ಅದು ಎದ್ದಾಗ ಅವನ ಕಾಲಿಗೆ ತಗಲ್ಬಾರ್ದು. ಶೂ ಹಾಕ್ಕೊಂಡೇ ಹೋಗಿ ನೋಡಕ್ಕೆ.