ವರ್ಷಕ್ಕೆ ನಾಲ್ಕೇ ಸಲ ಊರಿಗೆ ಹೋಗುವವರಿಗೂ ಫಾಸ್ಟ್ಯಾಗ್ ಬೇಕಾ?

ಪ್ರಶ್ನೆ:
ನಾವಿರುವುದು ಬೆಂಗಳೂರಿನಲ್ಲಿ, ಊರು ದಾವಣಗೆರೆ. ಮೊನ್ನೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಹಬ್ಬ, ಮದುವೆ ಅಂತ ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋದರೆ ಹೆಚ್ಚು. ಗಾಜಿನ ಮೇಲೆ ಹಳೇ ಓನರ್ ಹಾಕಿಸಿದ್ದ, ಟೋಲ್ ದುಡ್ಡು ತಾನಾಗೇ ಕಟ್ ಆಗುವ ಫಾಸ್ಟ್ಯಾಗ್ ಸ್ಟಿಕ್ಕರ್ ಹಾಗೇ ಇದೆ. ಅದಕ್ಕೇ ದುಡ್ಡು ಹಾಕಿಕೊಂಡು ಓಡಿಸಬಹುದಾ? ಇಲ್ಲಾ ಟೋಲ್‌ನಲ್ಲಿ ಯುಪಿಐ ಮಾಡಿಬಿಡಲಾ? ವಾರ್ಷಿಕ ಪಾಸ್ ಮಾಡಿಸು ಅಂತ ಭಾವ ಹೇಳುತ್ತಿದ್ದಾರೆ. ಓಡಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1:
ನನ್ನದೂ ಇದೇ ದಾರಿ ಸರ್, ರಾಣೆಬೆನ್ನೂರಿನವನು. ಮೊದಲು ಆ ಹಳೇ ಟ್ಯಾಗ್ ವಿಷಯ ಹೇಳಿಬಿಡುತ್ತೇನೆ. ಅದಕ್ಕೆ ಒಂದು ರೂಪಾಯಿನೂ ಹಾಕಬೇಡಿ.

ನಾನು ಕಾರು ತಗೊಂಡಾಗ ಹಾಗೇ ಮಾಡಿದ್ದೆ. ಫೋನಿನಲ್ಲಿ ಗಾಡಿ ನಂಬರ್ ಹಾಕಿದರೆ ಯಾರು ಬೇಕಾದರೂ ರೀಚಾರ್ಜ್ ಮಾಡಬಹುದಲ್ವಾ, 1000 ರೂಪಾಯಿ ಹಾಕಿ ಹೊರಟೆ. ಎರಡು ಟೋಲ್ ದಾಟಿದೆ. ಮೂರನೇದರಲ್ಲಿ ಗೇಟ್ ಏಳಲೇ ಇಲ್ಲ. ಹುಡುಗ ಕೈ ಮೆಷಿನ್ ಹಿಡಿದು ಬಂದು ಗಾಜಿಗೆ ಎರಡೆರಡು ಸಲ ತೋರಿಸಿ, "ಬ್ಲ್ಯಾಕ್‌ಲಿಸ್ಟ್ ಆಗಿದೆ ಸರ್" ಅಂದ. ಹಿಂದೆ ಈರುಳ್ಳಿ ಲಾರಿ, ಅದರ ಹಿಂದೆ ಬಸ್ಸು, ಒಂದೇ ಸಮ ಹಾರ್ನ್. ಮಲಗಿದ್ದ ಮಗಳು ಎದ್ದು ಅಳುವುದಕ್ಕೆ ಶುರು ಮಾಡಿದಳು. ಆಮೇಲೆ ಗೊತ್ತಾಯಿತು, ಹಳೇ ಓನರ್ ಅವತ್ತೇ ಬೆಳಿಗ್ಗೆ ಬ್ಯಾಂಕಿಗೆ ಹೇಳಿ ಟ್ಯಾಗ್ ಕ್ಲೋಸ್ ಮಾಡಿಸಿದ್ದರು. ಅವರ ತಪ್ಪೇನೂ ಇಲ್ಲ, ಕಾರು ಮಾರಿದವರು ಮಾಡಲೇಬೇಕಾದ ಕೆಲಸ ಅದು. ನಾನು ಹಾಕಿದ್ದರಲ್ಲಿ ಉಳಿದ ದುಡ್ಡು ಅವರ ಖಾತೆಗೆ ಹೋಗಿತ್ತು. ಒಳ್ಳೇ ಮನುಷ್ಯರು, ಎರಡು ವಾರ ಬಿಟ್ಟು ವಾಪಸ್ ಕಳಿಸಿದರು. ಎಲ್ಲರೂ ಹಾಗಿರುತ್ತಾರೆ ಅಂತ ಹೇಳುವುದಕ್ಕಾಗುವುದಿಲ್ಲ.

ಹಾಗಾಗಿ ಇವತ್ತೇ ಅವರಿಗೆ ಫೋನ್ ಮಾಡಿ ಹಳೇ ಟ್ಯಾಗ್ ಕ್ಲೋಸ್ ಮಾಡಿಸಿ. ಒಂದು ಗಾಡಿಗೆ ಒಂದೇ ಟ್ಯಾಗ್ ಅಂತ ನಿಯಮ ಇದೆ. ಆರ್‌ಸಿ ನಿಮ್ಮ ಹೆಸರಿಗೆ ಆದ ಕೂಡಲೇ, ನಿಮ್ಮ ಮೊಬೈಲ್ ನಂಬರ್ ಕೊಟ್ಟು ಹೊಸದು ತಗೊಳ್ಳಿ. ನಂಬರ್ ಪ್ಲೇಟ್ ಕಾಣುವ ಹಾಗೆ ಗಾಡಿಯ ಫೋಟೋ ಕೇಳಬಹುದು, ತೆಗೆದಿಟ್ಟುಕೊಂಡಿರಿ.

ಟ್ಯಾಗ್ ಇಲ್ಲದೆ ಹೋದರೆ? 2021ರ ಫೆಬ್ರವರಿಯಿಂದ ಟ್ಯಾಗ್ ಇಲ್ಲದವರಿಗೆ ಎರಡರಷ್ಟು ಟೋಲ್ ಇತ್ತು. 2025ರ ನವೆಂಬರ್ 15ರಿಂದ ಸ್ವಲ್ಪ ಸಡಿಲ ಮಾಡಿದರು. ಟ್ಯಾಗ್ ಇದ್ದವರಿಗೆ 100 ರೂಪಾಯಿ ಇರುವ ಕಡೆ ಯುಪಿಐ ಮಾಡಿದರೆ 125, ನಗದು ಕೊಟ್ಟರೆ 200 ಅಂತ ಆಗ ಮಾಡಿದರು. 25 ರೂಪಾಯಿ ತಾನೇ ಅನ್ನಿಸಬಹುದು. ಆದರೆ ದಾವಣಗೆರೆ ತಲುಪುವಷ್ಟರಲ್ಲಿ ನೆಲಮಂಗಲ, ಕ್ಯಾತ್ಸಂದ್ರ, ಕರಜೀವನಹಳ್ಳಿ, ಗುಯಿಲಾಳು, ಹೆಬ್ಬಾಳು ಅಂತ ಕಡಿಮೆಯೆಂದರೂ ಐದು ಗೇಟ್ ಸಿಗುತ್ತವೆ. ಪ್ರತಿ ಗೇಟಿನಲ್ಲೂ ನಿಲ್ಲಿಸಿ, ಗಾಜು ಇಳಿಸಿ, ಸ್ಕ್ಯಾನ್ ಮಾಡಬೇಕು. ದಸರಾ ರಜೆಯಲ್ಲಿ ಅದನ್ನು ಯೋಚನೆ ಮಾಡಿ ನೋಡಿ. 24 ಗಂಟೆಯೊಳಗೆ ವಾಪಸ್ ಬಂದರೆ ಹೋಗಿ ಬರುವುದು ಸೇರಿ ಒಂದೂವರೆಯಷ್ಟೇ ಟೋಲ್. ಆ ರಿಯಾಯಿತಿಯೂ ಟ್ಯಾಗ್ ಇದ್ದವರಿಗೆ ಮಾತ್ರ.

ಇನ್ನು ಭಾವ ಹೇಳಿದ ಪಾಸ್. 2025ರ ಆಗಸ್ಟ್ 15ಕ್ಕೆ ಶುರುವಾದಾಗ 3000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅದು. ಇಲ್ಲಿ ಟ್ರಿಪ್ ಅಂದರೆ ಊರಿಗೆ ಹೋಗಿ ಬರುವುದಲ್ಲ, ನಮ್ಮ ರಸ್ತೆಯಲ್ಲಿ ಒಂದು ಗೇಟ್ ದಾಟಿದರೆ ಒಂದು ಟ್ರಿಪ್. ಕಡಿಮೆ ಟೋಲ್ ಇರುವ ಗೇಟಿನಲ್ಲೂ ಒಂದು ಕಳೆದೇ ಹೋಗುತ್ತದೆ. ಐದು ಗೇಟ್ ಅಂತ ಹಿಡಿದರೆ ನಿಮಗೆ ಹೋಗಿ ಬಂದರೆ ಹತ್ತು, ನಾಲ್ಕು ಸಲಕ್ಕೆ 40. ಆ 3000ದ ಲೆಕ್ಕದಲ್ಲೇ ಒಂದು ಗೇಟಿಗೆ 75 ರೂಪಾಯಿ ಬಿತ್ತು. ನಾನು ತಿಂಗಳಿಗೊಮ್ಮೆ ಹೋಗುವವನು, ನನಗೆ ಚೆನ್ನಾಗಿ ಗಿಟ್ಟಿದೆ. ನೀವು ಮೊದಲ ಸಲ ಮಾಮೂಲಿ ಟ್ಯಾಗ್‌ನಲ್ಲಿ ಹೋಗಿ ಬನ್ನಿ. ಎಷ್ಟು ಕಟ್ ಆಯಿತು ಅಂತ ಮೆಸೇಜ್ ನೋಡಿ ಕೂಡಿಸಿ, ಆಮೇಲೆ ತೀರ್ಮಾನ ಮಾಡಿ. ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಮಾತ್ರ. ಬೆಂಗಳೂರಿನ ಖಾಸಗಿ ನೈಸ್ ರಸ್ತೆಯಲ್ಲಿ ನಡೆಯುವುದಿಲ್ಲ.

ಉತ್ತರ 2:
ನಾನು ಟ್ಯಾಕ್ಸಿ ಓಡಿಸುತ್ತೇನೆ ಅಣ್ಣ. ಹಳದಿ ಬೋರ್ಡಿಗೆ ಆ ಪಾಸ್ ಕೊಡುವುದಿಲ್ಲ, ಅದು ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ. ನನ್ನದೊಂದೇ ಮಾತು. ಟ್ಯಾಗ್ ಅನ್ನು ಗಾಜಿಗೆ ಒಳಗಡೆಯಿಂದ, ಕನ್ನಡಿಯ ಹಿಂದೆ ನೀಟಾಗಿ ಅಂಟಿಸಿ. ಕೆಲವರು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಂಡು ಗೇಟ್ ಬಂದಾಗ ಕೈಯಲ್ಲಿ ಎತ್ತಿ ತೋರಿಸುತ್ತಾರೆ. ಈಗ ಅಂಥ ಟ್ಯಾಗ್‌ಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡುತ್ತಾರೆ. ಶಿರಾಡಿ ಘಾಟಿಯಲ್ಲಿ ಲಾರಿ ಚಕ್ರದಿಂದ ಕಲ್ಲು ಹಾರಿ ನನ್ನ ಗಾಜು ಒಡೆದಿತ್ತು. ಗಾಜು ಬದಲಾಯಿಸುವಾಗ ಟ್ಯಾಗ್ ಬಿಡಿಸೋಣ ಅಂತ ಬ್ಲೇಡ್ ಹಾಕಿದೆ. ಒಳಗಿನ ತೆಳ್ಳಗಿನ ತಂತಿ ಹರಿದು ಎರಡು ತುಂಡಾಯಿತು. ಅದು ಬಿಚ್ಚಿ ಅಂಟಿಸುವಂಥದ್ದಲ್ಲ, ಸುಮ್ನೆ ಪ್ರಯತ್ನ ಮಾಡಬೇಡಿ. ಬ್ಯಾಂಕಿಗೆ ಹೇಳಿ ಬೇರೆ ತರಿಸಿಕೊಂಡೆ, ಹಳೇ ಬ್ಯಾಲೆನ್ಸ್ ಹೊಸದಕ್ಕೆ ಬಂತು.

ಉತ್ತರ 3:
ನಮ್ಮ ಮನೆ ಉಡುಪಿ ಕಡೆಯ ಹೆಜಮಾಡಿ ಟೋಲ್ ಹತ್ತಿರ. ಟೋಲ್‌ನಿಂದ 20 ಕಿಲೋಮೀಟರ್ ಒಳಗೆ ಇರುವವರ ಸ್ವಂತ ಗಾಡಿಗೆ ತಿಂಗಳ ಪಾಸ್ ಇದೆ. ನಿಮ್ಮ ಊರಿನ ಮನೆಯವರಿಗೆ ಹೆಬ್ಬಾಳು ಟೋಲ್ ಹತ್ತಿರ ಆಗುವುದಾದರೆ ವಿಳಾಸದ ದಾಖಲೆ ತಗೊಂಡು ಹೋಗಿ ಅಲ್ಲೇ ವಿಚಾರಿಸಲಿ. ಅದಕ್ಕೂ ಟ್ಯಾಗ್ ಬೇಕು.

ಉತ್ತರ 4:
ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಿಮ್ಮ ಟ್ಯಾಗ್ ಸರಿ ಇದ್ದು, ಬ್ಯಾಲೆನ್ಸೂ ಇದ್ದು, ಅವರ ಮೆಷಿನ್ ಕೆಟ್ಟು ಓದದಿದ್ದರೆ ನೀವು ದುಡ್ಡು ಕೊಡಬೇಕಾಗಿಲ್ಲ. ಸೊನ್ನೆ ರೂಪಾಯಿ ರಸೀದಿ ಕೊಟ್ಟು ಬಿಡಬೇಕು. 2018ರಿಂದಲೇ ಈ ನಿಯಮ ಇದೆ. ಫೋನಿನಲ್ಲಿ ಬ್ಯಾಲೆನ್ಸ್ ತೋರಿಸಿ ಸಮಾಧಾನವಾಗಿ ಕೇಳಿ. ಒಪ್ಪದಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ನನ್ನ ಕಾರು ಮನೆ ಮುಂದೆ ನಿಂತಿದ್ದಾಗಲೇ ಎಲ್ಲೋ ಟೋಲ್ ಕಟ್ ಆದ ಮೆಸೇಜ್ ಬಂದಿತ್ತು. ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟ ಮೇಲೆ ದುಡ್ಡು ವಾಪಸ್ ಬಂತು. ಅದಕ್ಕೇ ಮೆಸೇಜ್ ಅಳಿಸಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ ಓನರ್‌ಗೆ ಫೋನ್ ಮಾಡಿದೆ, ನಾಳೆ ಕ್ಲೋಸ್ ಮಾಡಿಸುತ್ತೇನೆ ಅಂದರು. ಒಂದೇ ಸಂದೇಹ. ಕಾರನ್ನು ಕೆಲವು ಸಲ ಅಪ್ಪ ಓಡಿಸುತ್ತಾರೆ, ಅವರದ್ದು ಬಟನ್ ಫೋನ್. ರೀಚಾರ್ಜ್ ಹೇಗೆ?

ಉತ್ತರ 1:
ಟ್ಯಾಗ್‌ಗೆ ನಿಮ್ಮ ನಂಬರೇ ಇರಲಿ. ಹೊರಡುವ ಹಿಂದಿನ ರಾತ್ರಿ ನೀವೇ ದುಡ್ಡು ಹಾಕಿಬಿಡಿ, ಗೇಟ್ ಹತ್ತಿರ ಬಂದಾಗ ಪರದಾಡುವುದು ಬೇಡ. ನಮ್ಮಪ್ಪ ಒಬ್ಬರೇ ಊರಿಗೆ ಹೊರಟಾಗ ನಾನು ಹೀಗೇ ಮಾಡುವುದು. ಗೇಟ್ ದಾಟಿದ ಹಾಗೆಲ್ಲ ಮೆಸೇಜ್ ನನಗೆ ಬರುತ್ತದೆ. ನಮ್ಮೂರಿನ ಹತ್ತಿರದ ಚಳಗೇರಿ ಟೋಲ್‌ದು ಬಂದ ಕೂಡಲೇ ಅಮ್ಮನಿಗೆ ಫೋನ್ ಮಾಡುತ್ತೇನೆ, ಅವರು ರೊಟ್ಟಿ ಹಂಚು ಒಲೆ ಮೇಲೆ ಇಡುತ್ತಾರೆ.