ಅಪ್ಪ-ಅಮ್ಮನ 3 ಲಕ್ಷದ ಪಾಲಿಸಿ ಮೇಲೆ ಸೂಪರ್ ಟಾಪ್-ಅಪ್ ಹಾಕಿಸೋದು ಲಾಭವಾ?

ಸಾಗರದ ಹುಡುಗಿ:
ಅಪ್ಪಂಗೆ 67, ಅಮ್ಮಂಗೆ 63. ಇಬ್ಬರಿಗೂ ಸೇರಿ 3 ಲಕ್ಷದ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ, 9 ವರ್ಷದಿಂದ ತಪ್ಪದೆ ಕಟ್ತಿದೀನಿ. ಈ ಸಲ ಪ್ರೀಮಿಯಂ 41,000. ಅದನ್ನೇ 10 ಲಕ್ಷಕ್ಕೆ ಏರಿಸಿದ್ರೆ 76,000 ಅಂತಾರೆ. ಹಳೇದನ್ನ ಹಾಗೇ ಬಿಟ್ಟು, 3 ಲಕ್ಷ ದಾಟಿದ ಮೇಲೆ ಕೊಡೋ 10 ಲಕ್ಷದ ಸೂಪರ್ ಟಾಪ್-ಅಪ್ ತಗೊಂಡ್ರೆ ಬರೀ 17,500. ಇಷ್ಟು ಅಗ್ಗ ಅಂದ್ರೆ ಎಲ್ಲೋ ಮುಳ್ಳಿರಬೇಕು. ಅಪ್ಪಂಗೆ ಶುಗರ್ ಇದೆ, "ಫಾರ್ಮಿನಲ್ಲಿ ಬರೀಬೇಡಿ ಮೇಡಂ" ಅಂದ ಏಜೆಂಟು. ಅಪ್ಪನೋ, ಆ ದುಡ್ಡಲ್ಲಿ ತೋಟಕ್ಕೆ ಎರಡು ಲೋಡು ಗೊಬ್ಬರ ಬರ್ತಿತ್ತು ಅಂತ.

ಹಾಸನದವ:
ಹಾಕಿಸಿ. ಆದ್ರೆ 'ಸೂಪರ್' ಅಂತ ಇದೆಯಾ ಎರಡು ಸಲ ನೋಡಿ. ನಾನು ಬರೀ ಟಾಪ್-ಅಪ್ ತಗೊಂಡು ಕೆಟ್ಟೆ. ನಮ್ಮಪ್ಪಂಗೆ ಜೂನಲ್ಲಿ ಸ್ಟೆಂಟ್, ಬಿಲ್ 2.6 ಲಕ್ಷ. ನವೆಂಬರಲ್ಲಿ ನ್ಯುಮೋನಿಯಾ, 2.2 ಲಕ್ಷ. ಮೂಲ ಪಾಲಿಸಿ 3 ಲಕ್ಷಕ್ಕೆ ಖಾಲಿ. ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆಬೇರೆ ಅಳೆಯುತ್ತೆ. ಎರಡೂ 3 ಲಕ್ಷದ ಒಳಗೇ ಇದ್ವು, ಪೈಸೆ ಬರಲಿಲ್ಲ. 1.8 ಲಕ್ಷ ಕೈಯಿಂದ ಹೋಯ್ತು. ಸೂಪರ್ ಆಗಿದ್ರೆ ವರ್ಷದ ಬಿಲ್ಲೆಲ್ಲ ಕೂಡಿಸಿ ನೋಡ್ತಿದ್ರು.
ಶುಗರ್ ಬರೀರಿ. ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಸಿಗೋಕೆ ಕಾಯೋ ಅವಧಿ ಈಗ ಹೆಚ್ಚಂದ್ರೆ 3 ವರ್ಷ. ಮುಚ್ಚಿಟ್ರೆ ಕ್ಲೇಮ್ ಹೊತ್ತಿಗೆ ಏಜೆಂಟ್ ಫೋನೂ ಎತ್ತಲ್ಲ.

ಬಿಲ್ಲಿಂಗ್ ಅಕ್ಕ:
ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಲ್ಲಿ ಕೂರೋಳು ನಾನು. ಹಳೇ ಪಾಲಿಸಿಯ ರೂಮ್ ಬಾಡಿಗೆ ಮಿತಿ ನೋಡಿದ್ರಾ? ದಿನಕ್ಕೆ ಪಾಲಿಸಿ ಮೊತ್ತದ 1% ಅಂತಿದ್ರೆ 3,000. 6,000ದ ರೂಮಿಗೆ ಹೋದ್ರೋ, ಬಾಡಿಗೆ ಜೊತೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜನ್ನೂ ಅರ್ಧಕ್ಕೆ ಇಳಿಸ್ತಾರೆ. ಡಿಸ್ಚಾರ್ಜ್ ದಿನ ನಮ್ಮ ಮೇಲೆ ಕೂಗಾಡೋದು ಬಹುಪಾಲು ಇದಕ್ಕೇ. ಎರಡೂ ಪಾಲಿಸಿ ಬೇರೆ ಕಂಪನಿಯದಾದ್ರೆ, ಮೊದಲನೆಯವರು ಎಷ್ಟು ಕೊಟ್ರು ಅನ್ನೋ ಸೆಟಲ್‌ಮೆಂಟ್ ಲೆಟರ್ ಇಸ್ಕೊಳ್ಳೋದು ಮರೀಬೇಡಿ.

ಅಡಿಕೆ ಅಳಿಯ:
ಅವರು ಹೇಳಿದ ರೇಟಲ್ಲಿ ಜಿಎಸ್‌ಟಿ ಸೇರಿಸಿದಾರಾ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಆ 18% ಇಲ್ಲ. 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷದ ಆಯುಷ್ಮಾನ್ ಯೋಜನೆಯೂ ಇದೆ, ಆದ್ರೆ ಅದನ್ನ ನಂಬ್ಕೊಂಡು ಇದನ್ನ ಬಿಡಬೇಡಿ. ಪಟ್ಟಿಯಲ್ಲಿರೋ ಆಸ್ಪತ್ರೆಗೇ ಹೋಗಬೇಕು.

ಸಾಗರದ ಹುಡುಗಿ:
ಅಕ್ಕಾ, ಪಾಲಿಸಿ ತೆಗೆದು ನೋಡಿದೆ, 3,000 ಅಂತಲೇ ಇದೆ! 9 ವರ್ಷ ಓದೇ ಇರಲಿಲ್ಲ. ಏಜೆಂಟ್‌ನ ಬಿಟ್ಟು ಶುಗರ್ ಬರೆದೇ ಅರ್ಜಿ ಹಾಕಿದೆ, 21,200 ಆಗುತ್ತಂತೆ. ನಾಳೆ ಅಪ್ಪನ ರಕ್ತ ತಗೊಳ್ಳೋಕೆ ಬರ್ತಾರೆ. ಯಾಕೆ ಅಂತ ಇನ್ನೂ ಅವರಿಗೆ ಹೇಳಿಲ್ಲ.